ಹತ್ತು ವರ್ಷದ ಲಾಕು, ಮುಕ್ಕಾಲು ಶತಮಾನದ ಗೇರು

2015ರಲ್ಲಿ ಮಹೀಂದ್ರ ಥಾರ್‌ನ ಹಿಂದಿನ ಆಕ್ಸಲ್‌ಗೆ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಬಂತು, ಅಂದರೆ ಆಕ್ಸಲ್ಲಿನ ಎರಡೂ ಚಕ್ರಗಳನ್ನು ಒಟ್ಟಿಗೆ ಬೆಸೆಯುವ ಲಾಕ್. ಅದಕ್ಕೂ ಎರಡು ವರ್ಷ ಮೊದಲೇ ಫೋರ್ಸ್ ಗೂರ್ಖಾ ಹಿಂದಕ್ಕೊಂದು, ಮುಂದಕ್ಕೊಂದು ಲಾಕ್ ಇಟ್ಟುಕೊಂಡು ಮಾರುಕಟ್ಟೆಗೆ ಇಳಿದಿತ್ತು. ಹೊಗಳಿದವರು ಬಹಳ, ಕೊಂಡವರು ಕಡಿಮೆ. ಅಲ್ಲಿಂದ ಈಚೆಗೆ ಹತ್ತು ವರ್ಷ ದಾಟಿದೆ. ಈ ಅವಧಿಯಲ್ಲಿ ನಮ್ಮ ಜೀಪು ಪ್ರಿಯರು ಲಾಕಿನ ಬಗ್ಗೆ ಆಡಿದ ಮಾತಿನಲ್ಲಿ ಕಾಲು ಭಾಗವನ್ನೂ ಆಕ್ಸಲ್ಲಿನೊಳಗಿನ ಗೇರು ಜೋಡಿಯಾದ ಕ್ರೌನ್-ಪಿನಿಯನ್ ಬಗ್ಗೆ ಆಡಲಿಲ್ಲ. ವಾರವೆಲ್ಲ ಕಚೇರಿಗೆ ಓಡಿ, ರಜೆ ಬಂದಾಗ ಮಾತ್ರ ಕೆಸರಿಗೆ ಇಳಿಯುವ ಗಾಡಿಗೆ ಈ ಎರಡನೆಯದೇ ದೊಡ್ಡ ವಿಷಯ. ಲಾಕ್ ಕೆಲಸಕ್ಕೆ ಬರುವುದು ಕೆಲವು ಮಾರು ದೂರಕ್ಕೆ. ಆಕ್ಸಲ್ ಗೇರ್ ಪ್ರತಿ ಕಿಲೋಮೀಟರಿನಲ್ಲೂ ದುಡಿಯುತ್ತದೆ, ಡೀಸೆಲ್ ಬಿಲ್ಲಿನಲ್ಲೂ ಕಾಣಿಸಿಕೊಳ್ಳುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಆಕ್ಸಲ್ ಅನುಪಾತ, ಅಂದರೆ ಚಕ್ರದ ಒಂದು ಸುತ್ತಿಗೆ ಪಿನಿಯನ್ ಹಾಕಬೇಕಾದ ಸುತ್ತು, 4.88. ಯುದ್ಧ ಮುಗಿದ ಮೇಲೆ ರೈತರಿಗೆಂದು ಬಂದ ಸಿಜೆ ಮಾದರಿಯಲ್ಲಿ ಅದು 5.38 ಆಯಿತು. ನೇಗಿಲು ಎಳೆಯಬೇಕು, ಭಾರ ಹೊರಬೇಕು, ಎಂಜಿನ್ ಮಾತ್ರ ಸಣ್ಣದು. 1949ರಲ್ಲಿ ಮುಂಬಯಿಯ ಮಜಗಾಂವ್‌ನಲ್ಲಿ ಮಹೀಂದ್ರ ಜೋಡಿಸತೊಡಗಿದ್ದು ಈ ಮನೆತನದ ಜೀಪನ್ನೇ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳು ಅದನ್ನೇ ನೆಚ್ಚಿಕೊಂಡು ಬೆಳೆದವು. ಕೊಡಚಾದ್ರಿಗೂ ಮಾಂದಲಪಟ್ಟಿಗೂ ಜನರನ್ನು ತುಂಬಿಕೊಂಡು ಹತ್ತಿದ ಹಳೆಯ ಬಾಡಿಗೆ ಜೀಪುಗಳಿಗೆ ಲಾಕ್ ಎಂಬುದೇ ಇರಲಿಲ್ಲ. ಫೋರ್ ವೀಲ್ ಹಾಕಿ, ಲೋ ಗೇರಿನಲ್ಲಿ, ಚಕ್ರ ತಿರುಗಿ ಹಾರದಂತೆ ಅಂಗುಲಂಗುಲವಾಗಿ ಹತ್ತಿಸುವುದು ಆ ಚಾಲಕರ ವಿದ್ಯೆ. ಅದಕ್ಕೆ ಬೆಂಬಲ ನಿಂತದ್ದು ಕಡಿಮೆ ವೇಗದ ಆ ಗೇರು.

ಅದರ ಬೆಲೆ ಹೆದ್ದಾರಿಯಲ್ಲಿ ತಿಳಿಯುತ್ತಿತ್ತು. 28 ಇಂಚಿನ ಟೈರು ಗಂಟೆಗೆ 80 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 600 ಸುತ್ತು ಹಾಕುತ್ತದೆ. ಟಾಪ್ ಗೇರು ನೇರ ಇದ್ದರೆ 4.88ರ ಗಾಡಿಯಲ್ಲಿ ಎಂಜಿನ್ 2,900ರ ಆಸುಪಾಸು ಸುತ್ತುತ್ತದೆ, 5.38ರದ್ದರಲ್ಲಿ 3,200. ಹಳೆಯ ಡೀಸೆಲ್ ಎಂಜಿನ್ನಿಗೆ ಅದು ಕಿರುಚಾಟ. ತೋಟದ ಜೀಪಿನಲ್ಲಿ ಬೆಂಗಳೂರಿಗೆ ಬಂದವರ ಕಿವಿಯನ್ನು ಕೇಳಬೇಕು.

2010ರ ದಶಕದಲ್ಲಿ ಎಂಜಿನ್ ಬಲವಾಯಿತು, ಐದು-ಆರು ಗೇರು ಬಂದವು, ಆಕ್ಸಲ್ ಅನುಪಾತ ಇಳಿಯಿತು, ಇದೆಲ್ಲ ಸರಿಯೇ. ದಾರಿ ತಪ್ಪಿದ್ದು ಟೈರಿನ ಗೀಳಿನಲ್ಲಿ. ಟೈರು ದೊಡ್ಡದಾದಷ್ಟೂ ಅನುಪಾತ ತಾನಾಗಿ ಇಳಿದಂತಾಗುತ್ತದೆ ಎಂಬ ಸರಳ ಲೆಕ್ಕವನ್ನು ಅಂಗಡಿಯವರು ಹೇಳಲಿಲ್ಲ, ಕೊಳ್ಳುವವರೂ ಕೇಳಲಿಲ್ಲ. 28 ಇಂಚಿನ ಜಾಗಕ್ಕೆ 31 ಇಂಚು ಹಾಕಿದರೆ 4.88 ಎಂಬುದು ಎಂಜಿನ್ನಿನ ಪಾಲಿಗೆ 4.41 ಆಗುತ್ತದೆ. ಅದೇ ಟೈರಿಗೆ 5.38 ಕೂರಿಸಿದರೆ 4.86, ಅಂದರೆ ಮೊದಲಿದ್ದ ಕಡೆಗೇ ಮರಳಿದಂತೆ. ಈ ಬದಲಾವಣೆ ಮಾಡದೆ ಲಾಕಿಗೆ ಹಣ ಸುರಿದವರ ಗಾಡಿ ಘಾಟಿಯಲ್ಲಿ ಮೂರನೇ ಗೇರಿಗೆ ಬಿದ್ದು ಏದುಸಿರು ಬಿಡುತ್ತದೆ, ಕ್ಲಚ್ ಪ್ಲೇಟು ಬೇಗ ಸುಡುತ್ತದೆ. ಆಮೇಲೆ ಬೈಗುಳ ತಿನ್ನುವುದು ಎಂಜಿನ್!

ಇನ್ನು ಲಾಕ್. ಸಾದಾ ಡಿಫರೆನ್ಷಿಯಲ್ಲಿನ ಗುಣವೇ ಹಾಗೆ: ಹಿಡಿತ ತಪ್ಪಿದ ಚಕ್ರ ಎಷ್ಟು ಬಲ ತಾಳುತ್ತದೋ ಅಷ್ಟನ್ನೇ ಇನ್ನೊಂದಕ್ಕೂ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಇನ್ನೊಂದೂ ಸತ್ತಂತೆ. ಈಟನ್ ವ್ಯವಸ್ಥೆ ಎರಡೂ ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ತಾನೇ ಬೆಸೆದುಕೊಳ್ಳುತ್ತದೆ, ವೇಗ ಏರಿದರೆ ಸುಮ್ಮನಿರುತ್ತದೆ. ದಿನಬಳಕೆಗೆ ನಿರುಪದ್ರವಿ. ಆದರೆ ಅದು ಎಚ್ಚೆತ್ತುಕೊಳ್ಳುವ ಮೊದಲು ಚಕ್ರ ಒಮ್ಮೆ ತಿರುಗಿ ಹಾರಲೇಬೇಕು. ಮಲೆನಾಡಿನ ಜೇಡಿಯಲ್ಲಿ ಅಷ್ಟೇ ಸಾಕು, ಗಾಡಿಯ ಹಿಂಭಾಗ ಚರಂಡಿ ಕಡೆ ಜಾರುತ್ತದೆ. 2023ರಲ್ಲಿ ಬಂದ ಜಿಮ್ನಿ ಗಾಡಿಯಲ್ಲಿ ಲಾಕೇ ಇಲ್ಲ. ಹಾರುವ ಚಕ್ರಕ್ಕೆ ಬ್ರೇಕ್ ಹಿಡಿದು ಬಲವನ್ನು ಆಚೆ ದಾಟಿಸುವ ಎಲೆಕ್ಟ್ರಾನಿಕ್ ಏರ್ಪಾಡು. ಗಾಡಿ ಹಗುರ, ಹಾಗಾಗಿ ನಡೆಯುತ್ತದೆ. ಅಲ್ಲೂ ತಿರುಗಿದ ಮೇಲೆಯೇ ಹಿಡಿತ.

ಡೆಟ್ರಾಯಿಟ್ ಲಾಕರಿನಂಥ, ಸದಾ ಬೆಸೆದುಕೊಂಡೇ ಇದ್ದು ತಿರುವಿನಲ್ಲಷ್ಟೇ ಬಿಡುವ ಜಾತಿಯನ್ನು ದಿನಬಳಕೆಯ ಗಿಡ್ಡ ಗಾಡಿಗೆ ಹಾಕಬಾರದೆಂಬುದೇ ನಮ್ಮ ನಿಲುವು. ಸ್ಪರ್ಧೆಗೆ ಅದು ಗಟ್ಟಿಗ. ಆಷಾಢದ ಮಳೆಯಲ್ಲಿ ಚಾರ್ಮಾಡಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದ ಗಳಿಗೆಯಲ್ಲಿ ಅದು ಹಿಂಬದಿಯನ್ನು ಎತ್ತ ಎಳೆಯುತ್ತದೆಂದು ಹೇಳಲಾಗದು. ಕಾರುಗಳಲ್ಲಿ ಎಬಿಎಸ್ ಕಡ್ಡಾಯವಾದ 2019ರ ನಂತರದ ಗಾಡಿಗಳಲ್ಲಂತೂ ಪ್ರತಿ ಚಕ್ರವೂ ತನ್ನ ಪಾಡಿಗೆ ತಿರುಗುತ್ತದೆಂಬ ನಂಬಿಕೆಯ ಮೇಲೆಯೇ ಬ್ರೇಕ್ ನಡೆಯುವುದು. ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಲಾಕೇ ಒಳ್ಳೆಯದು: ಗೂರ್ಖಾದ ಲಿವರ್ ಇರಲಿ, ಆಸ್ಟ್ರೇಲಿಯಾದ ಎಆರ್‌ಬಿಯವರ ಗಾಳಿ ಒತ್ತಡದ ಲಾಕರ್ ಇರಲಿ, 2024ರ ಥಾರ್ ರಾಕ್ಸ್‌ನ ಸ್ವಿಚ್ ಇರಲಿ. ಅದೂ ಹಿಂದಿನ ಆಕ್ಸಲ್‌ಗೆ ಮಾತ್ರ ಸಾಕು. ಮುಂದಿನದನ್ನು ಲಾಕ್ ಮಾಡಿದರೆ ಸ್ಟಿಯರಿಂಗ್ ಕಲ್ಲಾಗುತ್ತದೆ, ಬಂಡೆಗೆ ಸಿಕ್ಕರೆ ಮುಂದಿನ ಶಾಫ್ಟು ಮುರಿಯುತ್ತದೆ. ಒಂಬತ್ತು ವರ್ಷ ಸುತ್ತಿ ಮಹೀಂದ್ರವೂ ಸ್ವಿಚ್ಚಿಗೇ ಬಂತೆಂಬುದನ್ನು ಗೂರ್ಖಾ ಅಭಿಮಾನಿಗಳು ನೆನಪಿಸುತ್ತಲೇ ಇರುತ್ತಾರೆ; ನೆನಪಿಸಲಿ.

ಗೇರು ಬದಲಿಸುವವರು ಮರೆಯಬಾರದ ಒಂದು ಮಾತಿದೆ. ಹಿಂದೆ-ಮುಂದೆ ಎರಡೂ ಆಕ್ಸಲ್ಲಿನ ಅನುಪಾತ ಒಂದೇ ಇರಬೇಕು. ಗುಜರಿಯಲ್ಲಿ ಸಿಕ್ಕಿದ ಹೌಸಿಂಗ್ ತಂದು ಹಿಂದೆ 5.38, ಮುಂದೆ 4.88 ಆದರೆ ಟಾರು ರಸ್ತೆಯಲ್ಲಿ ಟೂ ವೀಲ್ ಹಾಕಿಕೊಂಡು ತಿರುಗುವವರೆಗೆ ಏನೂ ಗೊತ್ತಾಗುವುದಿಲ್ಲ; ಫೋರ್ ವೀಲ್ ಹಾಕಿದ ದಿನ ಟ್ರಾನ್ಸ್‌ಫರ್ ಕೇಸು ಬಿಗಿದುಕೊಳ್ಳುತ್ತದೆ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬರಬೇಕು, ಶಿಮ್ ಹಾಕಿ ಹಲ್ಲಿನ ಗುರುತು ನೋಡಿ ಕೂರಿಸಬೇಕು. ಅವಸರ ಮಾಡಿದರೆ ಹೌಸಿಂಗ್ ಕೂಗಲು ಶುರು. ಮಹೀಂದ್ರದ ಹಳೆಯ ಎಂಎಂ ಸರಣಿಯ ಜೀಪುಗಳಲ್ಲಿ ಈ ಕೆಲಸ ಬಲ್ಲ ಮೇಸ್ತ್ರಿಗಳು ಮಲೆನಾಡಿನ ಪೇಟೆಗಳಲ್ಲಿ ಇನ್ನೂ ಇದ್ದಾರೆ. 2020ರ ನಂತರದ ಥಾರ್‌ನ ಮುಂಭಾಗ ಸ್ವತಂತ್ರ ಸಸ್ಪೆನ್ಷನ್ನಿನದು, ಹಳೆಯ ಗಟ್ಟಿ ಆಕ್ಸಲ್ಲಿನ ಅನುಭವ ಅಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ. ಮೇಲಾಗಿ ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹೊಸ ಗಾಡಿ ಕೊಳ್ಳುವವರು ಲಾಕ್ ಇರುವ ಮಾದರಿಯನ್ನೇ ಕಾರ್ಖಾನೆಯಿಂದ ತಂದು, ಟೈರಿನ ಅಳತೆಯನ್ನು ಇದ್ದಂತೆಯೇ ಬಿಟ್ಟರೆ ಆಕ್ಸಲ್ ಗೇರನ್ನು ಮುಟ್ಟುವ ಪ್ರಮೇಯವೇ ಬಾರದು.