ನಾಯಕನೇ ಇಲ್ಲದ ಪ್ರೇಮಕಥೆ
2009ರ ನವೆಂಬರ್ 20ರಂದು ಅಮೆರಿಕದಲ್ಲಿ ತೆರೆಕಂಡ ‘ನ್ಯೂ ಮೂನ್’ ಮೊದಲ ದಿನವೇ ಏಳು ಕೋಟಿ ಡಾಲರಿಗೂ ಮಿಕ್ಕಿ ಬಾಚಿಕೊಂಡು, ‘ದ ಡಾರ್ಕ್ ನೈಟ್’ ಮಾಡಿದ್ದ ದಾಖಲೆಯನ್ನು ಮುರಿಯಿತು. ವಿಮರ್ಶಕರಲ್ಲಿ ಬಹಳ ಮಂದಿ ಮೂಗು ಮುರಿದರು. ಹುಡುಗಿಯರು ಮಾತ್ರ ನಡುರಾತ್ರಿಯ ಪ್ರದರ್ಶನಕ್ಕೇ ಸಾಲುಗಟ್ಟಿದರು. ತಮಾಷೆಯೆಂದರೆ, ‘ಟ್ವೈಲೈಟ್’ ನೋಡಿ ಅವರೆಲ್ಲ ಹಂಬಲಿಸಿದ್ದ ರಕ್ತಪಿಶಾಚಿ ಚೆಲುವ ಎಡ್ವರ್ಡ್, ಈ ಎರಡನೇ ಭಾಗದಲ್ಲಿ ಬಹುಪಾಲು ನಾಪತ್ತೆ. ಪ್ರೇಯಸಿ ಬೆಲ್ಲಾಳನ್ನು ಕಾಡಿನಲ್ಲಿ ಬಿಟ್ಟು ಹೊರಟೇಹೋಗುತ್ತಾನೆ, ಆಮೇಲೆ ಆಗಾಗ ಮಸುಕು ನೆರಳಾಗಿ ಸುಳಿದರೆ ಅದೇ ಹೆಚ್ಚು. ಚಿತ್ರದ ಜೀವ ಇರುವುದು ಆ ಗೈರುಹಾಜರಿಯಲ್ಲೇ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಬೆಲ್ಲಾ ಅಲುಗದೆ ಕೂತಿರುತ್ತಾಳೆ. ಕ್ಯಾಮೆರಾ ಅವಳನ್ನು ಸುತ್ತುತ್ತದೆ. ಹೊರಗೆ ಋತು ಬದಲಾಗುತ್ತದೆ. ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂದು ಅಕ್ಷರಗಳು ಮೂಡುತ್ತವೆ. ಕಾದಂಬರಿಯಲ್ಲಿ ಸ್ಟೆಫನಿ ಮೇಯರ್ ಬರೀ ತಿಂಗಳ ಹೆಸರು ಬರೆದು ಖಾಲಿ ಬಿಟ್ಟಿದ್ದ ಪುಟಗಳನ್ನು ನಿರ್ದೇಶಕ ಕ್ರಿಸ್ ವೈಟ್ಜ್ ಹೀಗೆ ತೆರೆಗೆ ತಂದ. ಮೊದಲ ಸಲ ಕೈಕೊಟ್ಟು ಹೋದವನಿಗಾಗಿ ಊಟ ನಿದ್ದೆ ಬಿಟ್ಟ ಹದಿನೇಳರ ಹುಡುಗಿಗೆ ಇದು ಅತಿರೇಕ ಅನ್ನಿಸುವುದಿಲ್ಲ, ವರದಿ ಅನ್ನಿಸುತ್ತದೆ. (ದೊಡ್ಡವರು ನಗುತ್ತಾರೆ, ಅವರಿಗೆ ಮರೆವು ಜಾಸ್ತಿ.) ತೆರವಾದ ಜಾಗಕ್ಕೆ ತೋಳ ಮನುಷ್ಯ ಜೇಕಬ್ ಬರುತ್ತಾನೆ. ಈ ಪಾತ್ರ ಕೈತಪ್ಪದಿರಲೆಂದು ನಟ ಟೇಲರ್ ಲಾಟ್ನರ್ ಕಸರತ್ತು ಮಾಡಿ ಮೈ ಹುರಿಗಟ್ಟಿಸಿಕೊಂಡಿದ್ದು ಅಂಗಿ ಕಳಚಿದೊಡನೆ ಗೊತ್ತಾಗುತ್ತದೆ, ಅವನು ಕಳಚುವುದೂ ತುಸು ಹೆಚ್ಚೇ. ಅಭಿಮಾನಿಗಳು ‘ಟೀಮ್ ಎಡ್ವರ್ಡ್’, ‘ಟೀಮ್ ಜೇಕಬ್’ ಎಂದು ಟೀ ಶರ್ಟ್ ತೊಟ್ಟು ಎರಡು ಪಾಳಯವಾದರು. ರಕ್ತಪಿಶಾಚಿಗಳನ್ನು ಆಳುವ ಇಟಲಿಯ ವೋಲ್ಟುರಿಗಳ ದರ್ಬಾರು ನನಗೆ ನಾಟಕ ಕಂಪನಿಯ ಸೀನಿನಂತೆ ಕಂಡಿತು. ಆದರೆ ಮರಳಿ ಬಂದ ಎಡ್ವರ್ಡ್‌ನಿಂದ ಮದುವೆಯ ಪ್ರಸ್ತಾಪವಾದ ಕ್ಷಣಕ್ಕೇ, ಉತ್ತರ ಹೇಳಿಸದೆ, ಚಿತ್ರ ಮುಗಿಸಿದ ಜಾಣತನವನ್ನು ಮೆಚ್ಚಲೇಬೇಕು. ಮೂರನೇ ಭಾಗ ‘ಎಕ್ಲಿಪ್ಸ್’ಗೆ ಮುಂದಿನ ಜೂನ್‌ವರೆಗೆ ಕಾಯಲು ಅಭಿಮಾನಿಗಳಿಗೆ ಅಷ್ಟು ಸಾಕಾಯಿತು.