ಸಾವಯವಕ್ಕೆ ಹೆಚ್ಚು ದುಡ್ಡು: ಯಾರಿಗಾಗಿ ಕೊಡಬೇಕು?

ಪೇಟೆಯ ತರಕಾರಿ ಅಂಗಡಿಯಲ್ಲಿ ಈಗ ಎರಡು ಬುಟ್ಟಿ ಇಡುತ್ತಾರೆ. ಒಂದರಲ್ಲಿ ಸಾಧಾರಣ ಬೆಂಡೆಕಾಯಿ, ಇನ್ನೊಂದರಲ್ಲಿ ‘ಸಾವಯವ’ ಅಂತ ಚೀಟಿ ಹಚ್ಚಿದ ಬೆಂಡೆಕಾಯಿ. ನೋಡಲಿಕ್ಕೆ ಎರಡೂ ಒಂದೇ ತರ, ಕ್ರಯ ಮಾತ್ರ ಒಂದೂವರೆ ಪಟ್ಟು. “ಆರೋಗ್ಯಕ್ಕಿಂತ ದುಡ್ಡು ದೊಡ್ಡದಾ?” ಅಂತ ಒಬ್ಬರು ಕೇಳುತ್ತಾರೆ. “ಅದೆಲ್ಲ ಬರೀ ವ್ಯಾಪಾರ” ಅಂತ ಇನ್ನೊಬ್ಬರು. ವಿಜ್ಞಾನ ಓದುವ ನಾವು ಈ ಎರಡು ಮಾತನ್ನೂ ಹಾಗೆಯೇ ನಂಬಬಾರದು. ಪ್ರಶ್ನೆಯನ್ನು ಮೂರು ತುಂಡು ಮಾಡಿ ನೋಡೋಣ. ಸಾವಯವದಲ್ಲಿ ಪೋಷಕಾಂಶ ಹೆಚ್ಚು ಉಂಟಾ? ವಿಷ ಕಡಿಮೆಯಾ? ನಾವು ಹೆಚ್ಚು ಕೊಟ್ಟ ದುಡ್ಡಿನಿಂದ ಲಾಭ ಯಾರಿಗೆ?

ಮೊದಲನೆಯದು ಪೋಷಕಾಂಶ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2012ರಲ್ಲಿ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಾವಯವ ಆಹಾರದಲ್ಲಿ ವಿಟಮಿನ್‌ಗಳು ಹೆಚ್ಚು ಇವೆ ಎನ್ನಲು ಗಟ್ಟಿಯಾದ ಆಧಾರ ಅವರಿಗೆ ಸಿಗಲಿಲ್ಲ. 2014ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ನಡೆದ ಇಂಥದೇ ಪರಿಶೀಲನೆಯಲ್ಲಿ, ಸಾವಯವ ಬೆಳೆಗಳಲ್ಲಿ ಆ್ಯಂಟಿ ಆಕ್ಸಿಡೆಂಟ್‌ಗಳು ಹೆಚ್ಚು, ಕ್ಯಾಡ್ಮಿಯಂ ಎಂಬ ಭಾರಲೋಹ ಕಡಿಮೆ ಎಂದು ಕಂಡಿತು. ಅಂದರೆ ಎರಡು ಪರಿಶೀಲನೆಗಳ ಮಾತು ಪೂರ್ತಿ ಒಂದೇ ಅಲ್ಲ. ಬರೀ ಪೋಷಕಾಂಶಕ್ಕಾಗಿ ಒಂದೂವರೆ ಪಟ್ಟು ಕ್ರಯ ಕೊಡುವ ಅಗತ್ಯ ಇಲ್ಲ ಎಂದೇ ನನ್ನ ಅಭಿಪ್ರಾಯ.

ಎರಡನೆಯದು ವಿಷದ ಉಳಿಕೆ. ಸಾವಯವದಲ್ಲಿ ಕೀಟನಾಶಕದ ಉಳಿಕೆ ಕಡಿಮೆ ಎಂಬುದನ್ನು ಈ ಎರಡೂ ಪರಿಶೀಲನೆಗಳು ಒಪ್ಪುತ್ತವೆ. ಆದರೆ ‘ಉಂಟು’ ಅನ್ನುವುದು ಬೇರೆ, ‘ಅಪಾಯ ಆಗುವಷ್ಟು ಉಂಟು’ ಅನ್ನುವುದು ಬೇರೆ. ಯಾವ ಬೆಳೆಯಲ್ಲಿ ಯಾವ ಕೀಟನಾಶಕ ಎಷ್ಟರ ವರೆಗೆ ಇರಬಹುದು ಎಂದು ಸರಕಾರ ಮಿತಿ ಹಾಕಿರುತ್ತದೆ. ಆ ಮಿತಿ ದಾಟಿದ ಮಾಲೂ ಪೇಟೆಗೆ ಬರುವುದುಂಟು, ಹಾಗಾಗಿ ಕಣ್ಣು ಮುಚ್ಚಿ ಕೂರುವ ಹಾಗೂ ಇಲ್ಲ. ಎಲ್ಲ ಬೆಳೆಗಳ ಕತೆಯೂ ಒಂದೇ ಅಲ್ಲ. ಸೊಲ್ಲಾಪುರ, ಜತ್ತದ ಕಡೆಯ ಮಕ್ಕಳು ದ್ರಾಕ್ಷಿ ತೋಟಕ್ಕೆ ಎಷ್ಟು ಸಲ ಔಷಧಿ ಹೊಡೆಯುತ್ತಾರೆ ಎಂದು ನೋಡಿಯೇ ಇರುತ್ತೀರಿ. ಪಕ್ಕದ ಜೋಳದ ಹೊಲಕ್ಕೆ ಅಷ್ಟು ಹೊಡೆಯುವುದಿಲ್ಲ. ಹಲಸು, ನುಗ್ಗೆಸೊಪ್ಪು, ಕೆಸುವಿಗೆ ನಮ್ಮಲ್ಲಿ ಯಾರೂ ಮದ್ದು ಬಿಡುವುದೇ ಇಲ್ಲ. ಇಂಥವಕ್ಕೆ ಸಾವಯವ ಅಂತ ಹೆಚ್ಚು ಕ್ರಯ ಕೊಡುವುದು ದಂಡ. ಸಿಪ್ಪೆ ತೆಗೆದು ತಿನ್ನುವ ಬಾಳೆಹಣ್ಣಿಗಿಂತ, ಹಾಗೆಯೇ ಬಾಯಿಗೆ ಹಾಕುವ ದ್ರಾಕ್ಷಿ, ಸಾರಿಗೆ ಹಾಕುವ ಕರಿಬೇವು, ಕೊತ್ತಂಬರಿ ಸೊಪ್ಪಿನ ಬಗ್ಗೆ ಹೆಚ್ಚು ಜಾಗ್ರತೆ ಬೇಕು. ಚೆನ್ನಾಗಿ ತೊಳೆದರೆ ಹೊರಗೆ ಅಂಟಿದ್ದರಲ್ಲಿ ಒಂದು ಪಾಲು ಹೋಗುತ್ತದೆ. ಗಿಡದ ಒಳಗೇ ಸೇರಿಕೊಳ್ಳುವ ಜಾತಿಯ ಕೀಟನಾಶಕ ತೊಳೆದರೆ ಹೋಗುವುದಿಲ್ಲ.

ಈಗ ಒಂದು ಲೆಕ್ಕ ಮಾಡಿ. ದಿನಕ್ಕೆ ಒಬ್ಬರು ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ಜನರ ಮನೆಗೆ ವಾರಕ್ಕೆ 11.2 ಕಿಲೋ ಆಯಿತು. ಆ ಮನೆಯಲ್ಲಿ ವಾರಕ್ಕೆ ಇದಕ್ಕೆ ಇರುವುದು 400 ರೂಪಾಯಿ ಎಂದಿಟ್ಟುಕೊಳ್ಳಿ. ಕಿಲೋಗೆ 40 ರೂಪಾಯಿಯಾದರೆ 10 ಕಿಲೋ ಬರುತ್ತದೆ. 60 ರೂಪಾಯಿಯ ಸಾವಯವವಾದರೆ ಏಳು ಕಿಲೋ ಕೂಡ ಬರುವುದಿಲ್ಲ. ವಿಷಕ್ಕೆ ಹೆದರಿ ತರಕಾರಿಯನ್ನೇ ಕಡಿಮೆ ಮಾಡಿದರೆ ನಷ್ಟ ಖಂಡಿತ, ಲಾಭ ಮಾತ್ರ ಸಂಶಯ. ಸಾಧಾರಣ ತರಕಾರಿಯನ್ನೇ ತೊಳೆದು ಹೊಟ್ಟೆ ತುಂಬ ತಿನ್ನುವ ಮನೆಯವರು ತಪ್ಪು ಮಾಡುತ್ತಿಲ್ಲ. ಅವರ ಮನಸ್ಸಿನಲ್ಲಿ ಅಪರಾಧಿ ಭಾವ ಹುಟ್ಟಿಸುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಸಾವಯವ ಬೇಡವೇ? ಬೇಕು. ಆದರೆ ಅದಕ್ಕೆ ಕಾರಣ ನಮ್ಮ ತಟ್ಟೆಯಲ್ಲಿಲ್ಲ, ಬೆಳೆಯುವ ಜಾಗದಲ್ಲಿದೆ. ಇದು ಕಾಸರಗೋಡಿನವರಿಗೆ ಬೇರೆಯವರು ಹೇಳಿಕೊಡಬೇಕಾದ ಪಾಠ ಅಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ಇಲ್ಲಿನ ಸರಕಾರಿ ಒಡೆತನದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗೇರು ಗಿಡ ಗುಡ್ಡದ ಮೇಲೆ; ಮನೆ, ಶಾಲೆ, ತೋಡು, ನೀರಿನ ಸುರಂಗ ಎಲ್ಲ ಗುಡ್ಡದ ಕೆಳಗೆ. ಸಿಂಪಡಣೆ ನಿಂತ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾ ಮಕ್ಕಳ ರಕ್ತ ಪರೀಕ್ಷೆ ಮಾಡಿದರು. ದೂರದ ಊರಿನ ಮಕ್ಕಳಿಗಿಂತ ಇವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚು ಇತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ದೇಶದಲ್ಲೇ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶ ಮಾಡಿತು.

ಇಲ್ಲಿ ಗಮನಿಸಬೇಕಾದ್ದು ಒಂದುಂಟು. ಗೇರುಬೀಜ ತಿಂದವರು ಎಲ್ಲೆಲ್ಲಿಯೋ ಇದ್ದರು, ಕಷ್ಟ ಬಂದದ್ದು ತೋಟದ ಬುಡದಲ್ಲಿದ್ದವರಿಗೆ. ತಿನ್ನುವವನ ಬಾಯಿಗೆ ಹೋಗುವುದು ಉಳಿಕೆ ಮಾತ್ರ. ಬೆನ್ನಿಗೆ ಪಂಪು ಕಟ್ಟಿ ಸಿಂಪಡಿಸುವವನಿಗೆ, ಅವನ ಬಾವಿಗೆ, ಅಲ್ಲಿನ ಜೇನ್ನೊಣಕ್ಕೆ ಸಿಗುವುದು ಪೂರಾ ಪಾಲು. ಆದ್ದರಿಂದ ಸಾವಯವಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು ನಾನು ಔಷಧಿಯ ಖರ್ಚು ಎಂದು ನೋಡುವುದಿಲ್ಲ. ಅದು ಬೆಳೆಯುವವನ ಮೈಗೂ ಮಣ್ಣಿಗೂ ಸಲ್ಲುವ ಪಾಲು.

ಆದರೆ ಆ ಪಾಲು ಅವನಿಗೆ ಮುಟ್ಟುತ್ತದಾ? ಚೀಟಿ ಹಚ್ಚಿದ ಕೂಡಲೇ ಸಾವಯವ ಆಗುವುದಿಲ್ಲ. ಪ್ಯಾಕೆಟ್ ಮೇಲೆ ಸಾವಯವ ಪ್ರಮಾಣಪತ್ರದ ಅಧಿಕೃತ ಗುರುತು ನೋಡಿ. ಈ ಪ್ರಮಾಣಪತ್ರಕ್ಕೆ ವಾರ್ಷಿಕ ಬೆಳೆಗೆ ಸಾಮಾನ್ಯವಾಗಿ ಎರಡು ವರ್ಷ, ಬಹುವಾರ್ಷಿಕ ಬೆಳೆಗೆ ಮೂರು ವರ್ಷ ರಾಸಾಯನಿಕ ಬಿಟ್ಟಿರಬೇಕು. ಆಗ ಇಳುವರಿ ಕಡಿಮೆ, ಒಳ್ಳೆಯ ಕ್ರಯವೂ ಇಲ್ಲ. ಸಾವಯವದ ಕ್ರಯ ಏರುವುದಕ್ಕೆ ಇದೂ ಒಂದು ಕಾರಣ. ಸಾವಯವ ಅಂದರೆ ಏನೂ ಸಿಂಪಡಿಸದ್ದು ಅಂತಲೂ ಅಲ್ಲ. ಅಡಕೆಗೆ ಬಿಡುವ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣವನ್ನು ಸಾವಯವದಲ್ಲೂ ಮಿತಿಯೊಳಗೆ ಬಳಸಬಹುದು. ಇನ್ನು, ನೇರವಾಗಿ ಗಿರಾಕಿಗೆ ಮಾರುವ ಸಣ್ಣ ಬೆಳೆಗಾರನಿಗೆ ಪ್ರಮಾಣಪತ್ರ ಬೇಕೆಂಬ ಕಡ್ಡಾಯ ಇಲ್ಲ. ಅಲ್ಲಿ ಅವನ ತೋಟವೇ ಪ್ರಮಾಣಪತ್ರ. ಹೋಗಿ ನೋಡಬಹುದು, ಕೇಳಬಹುದು.

ನನ್ನ ತೀರ್ಮಾನ ಇಷ್ಟು. ಮೊದಲು ತರಕಾರಿ ಸಾಕಷ್ಟು ಇರಲಿ, ಸಾವಯವವೋ ಅಲ್ಲವೋ ಎಂಬುದು ಆಮೇಲೆ. ದುಡ್ಡು ಮಿಕ್ಕಿದರೆ ಹೆಚ್ಚು ಮದ್ದು ಬೀಳುವ ಒಂದೆರಡು ಬೆಳೆಗೆ ಮಾತ್ರ ಹೆಚ್ಚು ಕೊಡಿ, ಅದನ್ನೂ ಆದಷ್ಟು ಬೆಳೆದವನ ಕೈಗೇ ಕೊಡಿ. ಬಸಳೆ, ಹರಿವೆ, ಕರಿಬೇವು ಮನೆಯ ಹಿತ್ತಲಲ್ಲೋ ಶಾಲೆಯ ತೋಟದಲ್ಲೋ ಬೆಳೆಯಿರಿ. ಅದಕ್ಕೆ ಹಟ್ಟಿಗೊಬ್ಬರ, ಬಚ್ಚಲ ನೀರು ಸಾಕು. ಈ ವಾರ ನಿಮ್ಮ ಮನೆಗೆ ಬಂದ ತರಕಾರಿಯ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಎರಡು ಪ್ರಶ್ನೆ ಬರೆಯಿರಿ: ಇದಕ್ಕೆ ಎಷ್ಟು ಸಲ ಮದ್ದು ಬಿಟ್ಟಿದ್ದಾರೆ? ಬಿಟ್ಟವರು ಯಾರು? ಎರಡನೆಯ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳುವವರು ಕಡಿಮೆ. ಕೇಳಿ ನೋಡಿ.