ಕಾಯ್ದೆಯಲ್ಲಿದೆ ಔಷಧಿ, ಕೈಗೆ ಸಿಗದು

ಕ್ಯಾನ್ಸರ್ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತವರು ಈಚೆಗೆ ಕೇಳುವ ಒಂದು ಪ್ರಶ್ನೆಯಿದೆ: ‘ಫಾರಿನ್ನಾಗ ಗಾಂಜಾ ಎಣ್ಣಿ ಕೊಡ್ತಾರಂತಲ್ರೀ ಡಾಕ್ಟ್ರೇ, ನಮ್ಮಪ್ಪಗ ಅದು ಸಿಗೂದಿಲ್ಲೇನ್ರೀ?’ ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ಅಷ್ಟರಲ್ಲಿ ಮೊಬೈಲ್‌ನಲ್ಲಿ ತೆರೆದಿರುತ್ತದೆ. ಗುಟ್ಕಾ ತಂದಿಟ್ಟ ಬಾಯಿ ಕ್ಯಾನ್ಸರ್ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಬಸ್ ಹಿಡಿದು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ವಿದ್ಯಾನಗರದ ಕಿಮ್ಸ್‌ಗೋ (ಈಗದು ಕೆಎಂಸಿಆರ್‌ಐ) ಬರುವ ಮನೆಯವರಿಗೆ ರೋಗದ ಹೆಸರಿಗಿಂತ ಮೊದಲು ಅರ್ಥವಾಗುವುದು ರೋಗಿಯ ನೋವು. ಅವರ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಅದರ ತಂಟೆಗೆ ಹೋಗಬ್ಯಾಡ್ರಿ, ಕೇಸ್ ಆಗ್ತದ.’

ಹಾಗೆನ್ನುವುದಕ್ಕೂ ಕಾರಣವಿದೆ. 2024ರಿಂದೀಚೆಗೆ ಹುಬ್ಬಳ್ಳಿ-ಧಾರವಾಡ ಅವಳಿನಗರದ ಪೊಲೀಸರು ಗಾಂಜಾ ಸೇವನೆಯ ಶಂಕೆಯಿರುವ ಯುವಕರನ್ನು ಗುಂಪುಗುಂಪಾಗಿ ಕರೆಸಿ ವೈದ್ಯಕೀಯ ಪರೀಕ್ಷೆ ಮಾಡಿಸಿ, ಹೆತ್ತವರೆದುರು ಬುದ್ಧಿ ಹೇಳಿ ಕಳಿಸುವ ಅಭಿಯಾನ ನಡೆಸುತ್ತಿದ್ದಾರೆ. ಕಬ್ಬು, ಮೆಣಸಿನಕಾಯಿಯ ನಡುವೆ ಬೆಳೆದ ಗಿಡ ಕಿತ್ತ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಇಂಥ ಊರಿನಲ್ಲಿ ಬಿಳಿ ಕೋಟಿನವರು ಗಾಂಜಾ ಎಂಬ ಮಾತನ್ನೇ ಎತ್ತಲು ಹಿಂಜರಿದರೆ ಆಶ್ಚರ್ಯವಿಲ್ಲ. ಆದರೆ ಅವರ ಉತ್ತರ ಅರ್ಧ ಮಾತ್ರ ಸರಿ.

1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್, ಗಾಂಜಾವನ್ನು ಔಷಧಿಯಾಗಿ ನಿಷೇಧಿಸಿಯೇ ಇಲ್ಲ. ಅದರ 8ನೇ ಸೆಕ್ಷನ್ ಬೆಳೆಯುವುದು, ಇಟ್ಟುಕೊಳ್ಳುವುದು, ಮಾರುವುದು, ಸಾಗಿಸುವುದು ಎಲ್ಲವನ್ನೂ ತಡೆಯುತ್ತದೆ, ‘ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶ’ವೊಂದನ್ನು ಬಿಟ್ಟು. ಆ ಉದ್ದೇಶಕ್ಕೆ ಪರವಾನಗಿ ಕೊಡುವ, ನಿಯಮ ರೂಪಿಸುವ ಅಧಿಕಾರವನ್ನು 10ನೇ ಸೆಕ್ಷನ್ ರಾಜ್ಯ ಸರ್ಕಾರಗಳಿಗೇ ಬಿಟ್ಟಿದೆ. ಬಾಗಿಲು 40 ವರ್ಷಗಳಿಂದ ಅಲ್ಲೇ ಇದೆ. ಅಲ್ಲಿಂದ ರೋಗಿಯ ಮಂಚದವರೆಗೆ ಹೋಗುವ ದಾರಿಯನ್ನು ಮಾತ್ರ ಯಾರೂ ಕಟ್ಟಲಿಲ್ಲ. ಕೈಯಲ್ಲಿ ಒಂದು ಕಿಲೊದೊಳಗೆ ಗಾಂಜಾ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, 20 ಕಿಲೊ ದಾಟಿದರೆ ಕನಿಷ್ಠ 10 ವರ್ಷ. ತಾನಾಗಿ ಚಿಕಿತ್ಸೆಗೆ ಮುಂದೆ ಬರುವ ವ್ಯಸನಿಗೆ 64ಎ ಸೆಕ್ಷನ್ ವಿನಾಯಿತಿಯನ್ನೂ ಇಟ್ಟಿದೆ. ದಂಧೆ ಮಾಡುವವನನ್ನು ಕಾಯ್ದೆ ಬಲ್ಲದು, ವ್ಯಸನಿಯನ್ನೂ ಬಲ್ಲದು. ನೋವಿಗೆ ಔಷಧಿ ಹುಡುಕಿಕೊಂಡು ಬಂದವನಿಗೆ ಮಾತ್ರ ಅದರಲ್ಲಿ ಪ್ರತ್ಯೇಕ ಜಾಗವಿಲ್ಲ.

ಇನ್ನೊಂದು ಸಂದಿಯಿದೆ: ಭಂಗಿ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂವು, ಕಾಯಿಯ ತುದಿಗಳು. ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗೆ. 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಜಾಮೀನು ಕೊಡುವಾಗ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಕೆ. ನಟರಾಜನ್ ಹೇಳಿದ್ದೂ ಇದನ್ನೇ: ಭಂಗಿ ಎನ್‌ಡಿಪಿಎಸ್ ಅಡಿ ನಿಷೇಧಿತ ವಸ್ತುವಲ್ಲ. (ರಾಜ್ಯದ ಅಬಕಾರಿ ಕಾಯ್ದೆಯ ಹಿಡಿತ ಬೇರೆಯೇ ಇದೆ ಎಂಬುದನ್ನು ಮರೆಯಬಾರದು.) ಆಯುರ್ವೇದದವರು ‘ವಿಜಯಾ’ ಎನ್ನುವ ಇದೇ ಗಿಡ ಔಷಧ ಮತ್ತು ಪ್ರಸಾಧನ ನಿಯಮಗಳ ಇ(1) ಅನುಸೂಚಿಯಲ್ಲಿದೆ. ದತ್ತೂರಿ, ವತ್ಸನಾಭಿಗಳ ಸಾಲಿನ ವಿಷಕಾರಿ ದ್ರವ್ಯವಾಗಿ, ವೈದ್ಯರ ನಿಗಾದಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆಯೊಂದಿಗೆ. 2020ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಇಂಥ ಔಷಧಿಗಳಿಗೆಂದೇ ಕ್ಲಿನಿಕ್ ತೆರೆದದ್ದು, ಆಯುಷ್ ವೈದ್ಯರ ಚೀಟಿ ತೋರಿಸಿದರೆ ವಿಜಯಾ ಎಣ್ಣೆ ಆನ್‌ಲೈನ್‌ನಲ್ಲಿ ಮನೆಗೆ ಬರುವುದು ಈ ಸಂದಿಯಿಂದಲೇ.

ಕೊಳ್ಳುವವರು ಇಲ್ಲಿ ಎಡವುವುದೇ ಹೆಚ್ಚು. ಗಾಂಜಾ ಗಿಡದ ಬೀಜದ (ಹೆಂಪ್) ಎಣ್ಣೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಆಹಾರವೆಂದು ಒಪ್ಪಿದೆ. ಅದು ಆಹಾರವೇ ಹೊರತು ನೋವಿನ ಔಷಧಿಯಲ್ಲ, ಅದರಲ್ಲಿ ಗಾಂಜಾದ ಔಷಧೀಯ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರವಿದೆಯೆಂದು ಸಾವಿರಾರು ರೂಪಾಯಿ ತೆತ್ತವರಿಗೆ ಇದು ಗೊತ್ತಿರುವುದಿಲ್ಲ. ವಿಜಯಾ ಔಷಧಿಯನ್ನೇ ಕೊಂಡರೂ ಆಯುಷ್ ಲೈಸೆನ್ಸ್ ಸಂಖ್ಯೆ, ಬ್ಯಾಚ್‌ನ ಪ್ರಯೋಗಾಲಯ ವರದಿ, ಒಂದು ಹನಿಯಲ್ಲಿ ಏನು ಎಷ್ಟಿದೆ ಎಂಬುದನ್ನು ಕೇಳಬೇಕು. ಫಿಟ್ಸ್ ಮಾತ್ರೆ ನುಂಗುವವರು, ರಕ್ತ ತೆಳುವಾಗಿಸುವ ಔಷಧಿಯಲ್ಲಿರುವವರು ತಮ್ಮ ವೈದ್ಯರಿಗೆ ಹೇಳದೆ ಇದನ್ನು ಮುಟ್ಟಲೇಬಾರದು.

ಹಾಗಾದರೆ ಗಾಂಜಾ ನಿಜಕ್ಕೂ ಕೆಲಸ ಮಾಡುತ್ತದೆಯೇ? ಕೆಲವಕ್ಕೆ ಮಾಡುತ್ತದೆ. ಡ್ರಾವೆ, ಲೆನಾಕ್ಸ್-ಗ್ಯಾಸ್ಟೋ ಎಂಬ ಮಕ್ಕಳ ಕಠಿಣ ಅಪಸ್ಮಾರಗಳಿಗೆ ಗಿಡದಿಂದ ತೆಗೆದ ಕ್ಯಾನಬಿಡಿಯಾಲ್ ದ್ರಾವಣವನ್ನು ಅಮೆರಿಕ 2018ರಲ್ಲಿ ಒಪ್ಪಿತು. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯುಸೆಳೆತಕ್ಕೆ ಬ್ರಿಟನ್‌ನಲ್ಲಿ 2010ರಿಂದ ಬಾಯಿಗೆ ಸಿಂಪಡಿಸುವ ಔಷಧಿಯಿದೆ. ಕಿಮೊ ನಂತರದ ವಾಂತಿಗೂ ಉಪಯೋಗವುಂಟು. ಆದರೆ ದೀರ್ಘಕಾಲದ ನೋವಿಗೆ? ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರಲ್ಲಿ ಪರವಾಗಿ ಮಾತಾಡಿದವು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘಟನೆ 2021ರಲ್ಲಿ, ಅನುಮೋದಿಸುವಷ್ಟು ಪುರಾವೆಯಿಲ್ಲ ಎಂದಿತು. ವಾಂತಿಗೆ ನಮ್ಮ ಮೆಡಿಕಲ್ ಶಾಪುಗಳಲ್ಲೇ ಒಂಡಾನ್ಸೆಟ್ರಾನ್ ಇದೆ, ಒಲಾಂಜಪಿನ್ ಇದೆ. ನರದ ನೋವಿಗೆ ಅಮಿಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್, ಸ್ನಾಯುಬಿಗಿತಕ್ಕೆ ಬ್ಯಾಕ್ಲೊಫೆನ್. ಇವೆಲ್ಲ ಕಾನೂನುಬದ್ಧ, ಬಹುಪಾಲು ಅಗ್ಗ. ಬಾಯಿ ಕ್ಯಾನ್ಸರ್ ಎಲುಬಿಗೆ ಇಳಿದವನ ನೋವಿಗೆ ಇವಕ್ಕಿಂತ, ಗಾಂಜಾಕ್ಕಿಂತ ಬಲವಾದ ಮದ್ದು ಮಾರ್ಫಿನ್.

ನನ್ನ ತಕರಾರು ಇರುವುದು ಇಲ್ಲಿ. ವೈದ್ಯಕೀಯ ಗಾಂಜಾಕ್ಕೆ ಕಾನೂನು ಬೇಕೆನ್ನುವವರು ಮೊದಲು ಮಾರ್ಫಿನ್‌ನ ಗತಿ ನೋಡಬೇಕು. ಅದು ಭಾರತದಲ್ಲಿ ಎಂದೂ ನಿಷೇಧಕ್ಕೊಳಗಾದ ಔಷಧಿಯಲ್ಲ. ಜಗತ್ತಿನಲ್ಲಿ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೊಡ್ಡ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಲೈಸೆನ್ಸ್ ಹಿಡಿದು ಬೆಳೆಯುತ್ತಾರೆ, ಗಾಜಿಪುರ ಮತ್ತು ನೀಮಚ್‌ನಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಆದರೂ 1985ರಲ್ಲಿ ಸುಮಾರು 600 ಕಿಲೊ ಇದ್ದ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ 1997ರ ಹೊತ್ತಿಗೆ 18 ಕಿಲೊಗೆ ಕುಸಿಯಿತು. ನೋವು ಕಡಿಮೆಯಾಗಿರಲಿಲ್ಲ. ಹೊಸ ಕಾಯ್ದೆಯಲ್ಲಿ ತಪ್ಪು ಚಿಕ್ಕದಿರಲಿ ದೊಡ್ಡದಿರಲಿ ಕನಿಷ್ಠ 10 ವರ್ಷದ ಶಿಕ್ಷೆಯ ಭಯವಿತ್ತು. ಒಂದು ಡಬ್ಬಿ ತರಿಸಲು ಅಬಕಾರಿ, ಔಷಧ ನಿಯಂತ್ರಣದ ನಾಲ್ಕೈದು ಪರವಾನಗಿ ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕಿತ್ತು. ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಅಂಗಡಿಯವರು ತರಿಸುವುದನ್ನೇ ಬಿಟ್ಟರು. ಹಾಗೆ ಬಿಟ್ಟ ಮೇಲೆ ವೈದ್ಯ ವಿದ್ಯಾರ್ಥಿಗಳ ಒಂದು ತಲೆಮಾರು ಮಾರ್ಫಿನ್ ಬರೆದುಕೊಡುವುದನ್ನೇ ಕಲಿಯದೆ ಪದವಿ ಪಡೆಯಿತು.

ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡ್‌ನ ಪುಟ್ಟ ಕ್ಲಿನಿಕ್‌ನಿಂದ ಶುರುವಾದ ಉಪಶಾಮಕ ಆರೈಕೆಯ ಚಳವಳಿ, ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ದೆಹಲಿಗೆ ಅಲೆದದ್ದು, ಎಲ್ಲ ಸೇರಿ 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಬಂತು. ಮಾರ್ಫಿನ್, ಫೆಂಟಾನಿಲ್, ಮೆಥಡೋನ್ ಸೇರಿ ಆರು ಔಷಧಿಗಳು ‘ಅಗತ್ಯ ಮಾದಕ ಔಷಧಿ’ಗಳಾದವು. ಹಲವು ಪರವಾನಗಿಗಳ ಜಾಗಕ್ಕೆ ರಾಜ್ಯ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಬಂತು, ನಿಯಮವೂ ಇಡೀ ದೇಶಕ್ಕೆ ಒಂದೇ ಆಯಿತು. ತರಬೇತಾದ ಒಬ್ಬ ವೈದ್ಯರಿದ್ದರೆ ಆಸ್ಪತ್ರೆ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ಯಾಗಬಹುದು. ಕಾಗದದ ಮೇಲೆ ಇದಕ್ಕಿಂತ ಸಲೀಸು ಇನ್ನೇನು ಬೇಕು? ಆದರೆ 2017ರಲ್ಲಿ ಪ್ರಕಟವಾದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ ಲೆಕ್ಕದಂತೆ ಇಂಥ ನೋವಿನ ಔಷಧಿಗಳ ಭಾರತದ ಅಗತ್ಯದಲ್ಲಿ ಶೇ 4ರಷ್ಟು ಮಾತ್ರ ರೋಗಿಗಳಿಗೆ ತಲುಪುತ್ತಿತ್ತು.

ಕಾಯ್ದೆ ಬದಲಾಯಿತು, ಕೈಗಳು ಬದಲಾಗಲಿಲ್ಲ. 10 ಮಿಲಿಗ್ರಾಂನ ಮಾರ್ಫಿನ್ ಮಾತ್ರೆಯ ಬೆಲೆ ಕೆಲವೇ ರೂಪಾಯಿ. ಲಾಭವಿಲ್ಲದ ಸರಕಿಗೆ ಬೀಗದ ಕಪಾಟು, ರಿಜಿಸ್ಟರ್, ತಪಾಸಣೆಯ ತಾಪತ್ರಯ ಯಾರಿಗೆ ಬೇಕು? ದುಬಾರಿ ಫೆಂಟಾನಿಲ್ ಪಟ್ಟಿ ಸಿಗುವ ಕಡೆಯೂ ಈ ಅಗ್ಗದ ಮಾತ್ರೆ ಸಿಗದಿರುವುದುಂಟು. ಇನ್ನು ಮನೆಯವರ ಭಯ: ‘ಮಾರ್ಫಿನ್ ಶುರು ಮಾಡಿದ್ರಂದ್ರ ಮುಗೀತು ಅಂತಲೇ ಅರ್ಥ ಅಲ್ರೀ?’ ಅಲ್ಲ. ಸರಿಯಾದ ಪ್ರಮಾಣದಲ್ಲಿ ನಾಲ್ಕು ತಾಸಿಗೊಮ್ಮೆ ಕೊಟ್ಟರೆ ರೋಗಿ ರಾತ್ರಿ ನಿದ್ದೆ ಮಾಡುತ್ತಾನೆ, ಗಂಜಿ ಕುಡಿಯುತ್ತಾನೆ, ಮೊಮ್ಮಕ್ಕಳೊಡನೆ ಮಾತಾಡುತ್ತಾನೆ. ಮೊದಲೆರಡು ದಿನ ಮಂಪರು, ಆಮೇಲೆ ಮಲಬದ್ಧತೆ. ಅದಕ್ಕೆ ಮೊದಲ ದಿನದಿಂದಲೇ ಜೊತೆಗೊಂದು ಮಾತ್ರೆ ಬರೆಯಬೇಕು. ಇಷ್ಟನ್ನು ಕುಳಿತು ವಿವರಿಸಲು ಹತ್ತು ನಿಮಿಷ ಸಾಕು, ಆದರೆ ನೂರು ಜನ ಸಾಲುಗಟ್ಟಿದ ಹೊರರೋಗಿ ವಿಭಾಗದಲ್ಲಿ ಆ ಹತ್ತು ನಿಮಿಷವೇ ಸಿಗುವುದಿಲ್ಲ.

ಬ್ರಿಟನ್‌ನಲ್ಲಿ ಗಾಂಜಾಕ್ಕೂ ಇದೇ ಆಯಿತು. 2018ರ ನವೆಂಬರ್‌ನಿಂದ ಅಲ್ಲಿನ ತಜ್ಞವೈದ್ಯರು ಅದನ್ನು ಬರೆಯಬಹುದು, ಆದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬರೆಯುವವರು ತೀರಾ ಅಪರೂಪ. ದುಡ್ಡಿದ್ದವರು ಖಾಸಗಿ ಕ್ಲಿನಿಕ್‌ಗೆ ಹೋಗುತ್ತಾರೆ. ಥಾಯ್ಲೆಂಡ್ ಮತ್ತೊಂದು ತುದಿ: 2022ರಲ್ಲಿ ಪೂರ್ತಿ ಬಿಟ್ಟುಕೊಟ್ಟು, 2025ರಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಡಬಾರದೆಂದು ವಾಪಸ್ ಎಳೆದುಕೊಂಡಿತು. ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯುವ ನಿರ್ಣಯಕ್ಕೆ 2020ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿರುವ ವಿಶ್ವಸಂಸ್ಥೆಯ ಆಯೋಗದಲ್ಲಿ ಭಾರತ ಪರವಾಗಿಯೇ ಮತ ಹಾಕಿತು. ವಿಯೆನ್ನಾದಲ್ಲಿ ಕೈ ಎತ್ತಿದ್ದರಿಂದ ವಿದ್ಯಾನಗರದಲ್ಲಿ ಏನೂ ಬದಲಾಗಿಲ್ಲ.

ಧಾರವಾಡಕ್ಕೆ ಈ ಚರ್ಚೆಯಲ್ಲಿ ಹಳೆಯ ಪಾಲೂ ಇದೆ. ಇಂದಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಮೂಲವಾದ ಮನೋರೋಗಾಸ್ಪತ್ರೆ ಶುರುವಾದದ್ದು 1845ರಲ್ಲಿ, ಮುಂಬಯಿ ಪ್ರಾಂತದ ಕಾಲದಲ್ಲಿ. ಗಾಂಜಾ ಸೇದಿದವರು ಹುಚ್ಚರಾಗುತ್ತಾರೆಯೇ ಎಂದು ತಿಳಿಯಲು 1893-94ರಲ್ಲಿ ಬ್ರಿಟಿಷರು ನೇಮಿಸಿದ ಆಯೋಗ ಇಂಥ ಆಸ್ಪತ್ರೆಗಳ ದಾಖಲೆಗಳನ್ನು ಜಾಲಾಡಿತು. 1892ರಲ್ಲಿ ದಾಖಲಾದ 1,344 ಜನರಲ್ಲಿ 222 ಮಂದಿಯ ಹುಚ್ಚಿಗೆ ಗಾಂಜಾವೇ ಕಾರಣ ಎಂದು ಬರೆದಿತ್ತು. ಒಂದೊಂದನ್ನೂ ಪರಿಶೀಲಿಸಿದಾಗ ಉಳಿದದ್ದು 98. ಪೊಲೀಸರು ಕರೆತಂದವರ ಪೂರ್ವಾಪರ ತಿಳಿಯದಾಗ ‘ಕಾರಣ’ದ ಅಂಕಣದಲ್ಲಿ ಗಾಂಜಾ ಎಂದು ತುಂಬುವ ರೂಢಿಯಿತ್ತು. ಹಾಗೆಂದು ಗಾಂಜಾ ನಿರಪಾಯಕಾರಿಯೆಂದು ನಾನು ವಾದಿಸುತ್ತಿಲ್ಲ. ಹರೆಯದಲ್ಲಿ ಕಡು ಗಾಂಜಾ ಸೇದುವವರಿಗೆ ಮನೋವಿಕಾರದ ಅಪಾಯ ಹೆಚ್ಚೆಂಬುದಕ್ಕೆ ಇಂದು ಗಟ್ಟಿ ಆಧಾರವಿದೆ, ಪೊಲೀಸರ ಆತಂಕ ಸುಳ್ಳಲ್ಲ. ಆದರೆ ಅದು ಕಾಲೇಜು ಹುಡುಗನ ವಿಷಯ. ಆರು ತಿಂಗಳ ಆಯುಸ್ಸು ಉಳಿದ ಅರವತ್ತರ ರೈತನಿಗೆ ಆ ಲೆಕ್ಕವನ್ನೇ ಹೇಗೆ ಹಚ್ಚುವುದು?

ಹಿಮಾಚಲ ಪ್ರದೇಶ ಔಷಧಿ, ಕೈಗಾರಿಕೆಗೆಂದು ಗಾಂಜಾ ಬೆಳೆಯುವ ಪ್ರಾಯೋಗಿಕ ಅಧ್ಯಯನಕ್ಕೆ ಕೃಷಿ ವಿಶ್ವವಿದ್ಯಾಲಯಗಳನ್ನು ಹಚ್ಚಿದೆ. ಧಾರವಾಡದಲ್ಲೂ ಕೃಷಿ ವಿಶ್ವವಿದ್ಯಾಲಯವಿದೆ, ಮನೋರೋಗ ಸಂಸ್ಥೆಯಿದೆ, ಇಪ್ಪತ್ತು ಕಿಲೊಮೀಟರ್‌ನಲ್ಲಿ ವೈದ್ಯಕೀಯ ಕಾಲೇಜು, ಕ್ಯಾನ್ಸರ್ ಆಸ್ಪತ್ರೆ ಇವೆ. 10ನೇ ಸೆಕ್ಷನ್ ಬಳಸಿ ಒಂದು ನೆಟ್ಟಗಿನ ವೈದ್ಯಕೀಯ ಪ್ರಯೋಗ ನಡೆಸಲು ಇದಕ್ಕಿಂತ ಒಳ್ಳೆಯ ಊರು ರಾಜ್ಯದಲ್ಲಿ ಸಿಗಲಿಕ್ಕಿಲ್ಲ. ನಡೆಯಲಿ. ಆದರೆ ಅದರ ಫಲ ಬರಲು ವರ್ಷಗಳು ಬೇಕು, ಕುಂದಗೋಳದಂಥ ತಾಲ್ಲೂಕಿನ ರೋಗಿಗೆ ಅಷ್ಟು ವ್ಯವಧಾನವಿಲ್ಲ.

ರಾಜ್ಯ ಸರ್ಕಾರ 2025ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನಂತೆ ಘನತೆಯಿಂದ ಸಾಯುವ ಹಕ್ಕಿಗೆ ಆದೇಶ ಹೊರಡಿಸಿತು. ದೇಶದಲ್ಲೇ ಮುಂಚೂಣಿಯಲ್ಲಿ ನಿಂತ ಹೆಮ್ಮೆ ಅದಕ್ಕಿರಲಿ. ಉಪಶಾಮಕ ಆರೈಕೆಯ ನೀತಿ 2016ರಿಂದಲೇ ಇದೆ. ಇವೆರಡೂ ನೆಲಕ್ಕೆ ಎಷ್ಟು ಇಳಿದಿವೆ ಎಂದು ಅಳೆಯಲು ದೊಡ್ಡ ಸಮೀಕ್ಷೆ ಬೇಡ. ಧಾರವಾಡ ಜಿಲ್ಲೆಯಲ್ಲಿ ಮಾರ್ಫಿನ್‌ಗೆ ಮಾನ್ಯತೆ ಪಡೆದ ಆಸ್ಪತ್ರೆಗಳೆಷ್ಟು, ಅವುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳೆಷ್ಟು, ಕಳೆದ ವರ್ಷ ರೋಗಿಗಳ ಕೈಗೆ ಹೋದದ್ದು ಎಷ್ಟು ಗ್ರಾಂ? ಔಷಧ ನಿಯಂತ್ರಣ ಇಲಾಖೆಯ ರಿಜಿಸ್ಟರ್‌ನಲ್ಲಿ ಇರಬೇಕಾದ ಈ ಮೂರು ಅಂಕಿಗಳನ್ನು ಪ್ರತಿ ವರ್ಷ ಪ್ರಕಟಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. ನವಲಗುಂದ, ಕಲಘಟಗಿ, ಅಳ್ನಾವರದ ಹೆಸರಿನ ಮುಂದೆ ಸೊನ್ನೆಯಿದ್ದರೆ, ಅಲ್ಲಿಯ ಒಬ್ಬೊಬ್ಬ ವೈದ್ಯರನ್ನು ತರಬೇತಿಗೆ ಕಳಿಸುವ ಆದೇಶಕ್ಕೆ ಸಹಿ ಹಾಕಬೇಕಾದವರು ಜಿಲ್ಲೆಯಲ್ಲೇ ಇದ್ದಾರೆ.